ಮೆಟ್ಟಿಲ ಮೇಲಿನ ಸಿಳ್ಳೆ

ಅಪ್ಪ,

ಇವತ್ತು ಮೂರು ಮಹಡಿ ಹತ್ತಿ ಮನೆಗೆ ಬಂದೆ. ನೀನು ಹೋದ ಮೇಲೂ ಬದಲಾಗದ ಅದೇ ಕಡಿದಾದ ಮೆಟ್ಟಿಲು. ವೈರಸ್ ಜ್ವರ ಬಿಟ್ಟು ಐದು ತಿಂಗಳಾದರೂ ಉಸಿರು ಮರಳಿರಲಿಲ್ಲ. ಮೆರವಣಿಗೆಯ ಮುಂದೆ ಘೋಷಣೆ ಕೂಗುತ್ತಿದ್ದ ನಿನ್ನ ಮಗಳು ಒಂದು ಬಕೆಟ್ ನೀರೆತ್ತಿದರೂ ಏದುಸಿರು ಬಿಡುತ್ತಿದ್ದಳು.

ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮ ಕಲಿಸುವ ಹುಡುಗಿ ನನ್ನನ್ನು ಮೆರವಣಿಗೆಗಳಲ್ಲಿ ನೋಡಿದ್ದಳಂತೆ; ನಾನು ಬಾಯಗಲಿಸಿ ಜೋರಾಗಿ ಉಸಿರು ಬಿಟ್ಟಿದ್ದಕ್ಕೆ ಮೊದಲ ದಿನವೇ ಗದರಿದಳು: "ಅಕ್ಕಾ, ಇಲ್ಲಿ ಧಿಕ್ಕಾರ ಕೂಗ್ಬೇಡಿ! ಮೂಗಿಂದ ಎಳ್ಕೊಳ್ಳಿ, ಸಿಳ್ಳೆ ಹಾಕೋ ಥರ ತುಟಿ ಮಾಡಿ ನಿಧಾನಕ್ಕೆ ಬಿಡಿ."

ತುಟಿ ಮಾಡಿದೆ. ಎರಡನೇ ಮಹಡಿಯ ತಿರುವಿನಲ್ಲಿ ಗೋಡೆ ಹಿಡಿದು ನೀನು ದಿನಾ ಬಿಡುತ್ತಿದ್ದ ಉಸಿರು ಅದೇ. ಮೂವತ್ತು ವರ್ಷ ನೂಲಿನ ಗಿರಣಿಯ ಧೂಳು ಕುಡಿದ ಎದೆ ತಾನೇ ಕಲಿತ ಪಾಠ. ಆ ಗಿರಣಿಯ ಗೇಟಿನಲ್ಲಿ "ಕಾರ್ಮಿಕರ ಉಸಿರು ಕಿತ್ತವರಿಗೆ ಧಿಕ್ಕಾರ" ಎಂದು ಗಂಟಲು ಹರಿದುಕೊಂಡವಳು ನಾನು. ಸಂಜೆ ಮೂರನೇ ಮಹಡಿಯ ಮನೆ ಬಾಗಿಲಿಂದ ಬಗ್ಗಿ ನಿನಗೆ ಕೂಗಿದವಳೂ ನಾನೇ: "ಸಿಳ್ಳೆ ಹೊಡೀತಾ ನಿಂತ್ಯಾ? ನಾಟಕ ಸಾಕು, ಬೇಗ ಬಾ!"

ನೀನು ನಕ್ಕು ಹತ್ತುತ್ತಿದ್ದೆ.

ಇವತ್ತು ಅದೇ ತಿರುವಿನಲ್ಲಿ ನಿಂತು ಹತ್ತು ಸಲ ಉಸಿರು ಬಿಟ್ಟೆ. ಎದೆ ಹಗುರವಾಯಿತು, ತಲೆ ಸುತ್ತಲಿಲ್ಲ. ಅಬ್ಬಾ, ಬದುಕಿಕೊಂಡೆ ಅನ್ನಿಸಿ ಒಬ್ಬಳೇ ನಕ್ಕೆ. ಅಷ್ಟರಲ್ಲಿ ನಿನ್ನ ಮೊಮ್ಮಗಳು ಮೇಲಿನಿಂದ ಬಗ್ಗಿ ನೋಡಿದಳು.

"ಅವಸರ ಏನಿಲ್ಲಮ್ಮ, ನಿಧಾನವಾಗಿ ಬಾ."

ಅಷ್ಟೇ ಮಾತು, ಅಪ್ಪ. ಅದನ್ನು ಹೇಳಲು ಅವಳಿಗೆ ಅರ್ಧ ಉಸಿರೂ ಬೇಕಾಗಲಿಲ್ಲ.