ತೊಯ್ದ ಬಳ್ಳಿಯ ಮಡಿ

ಅಕ್ಕಾ,

ಇವತ್ತು ಏಕಾದಶಿ. ಬೆಳಿಗ್ಗೆ ಎದ್ದು ಅಂಗಳ ತೊಳೆದೆ, ದೇವರ ಸಾಮಾನು ಬೆಳಗಿದೆ, ಇವರಿಗೆ ಡಬ್ಬಿ ಕಟ್ಟಿ ಹೊಲಿಗೆ ಅಂಗಡಿಗೆ ಕಳಿಸಿದೆ. ಉಪವಾಸದ ದಿನ ಹೊಟ್ಟೆಕಿಚ್ಚು ಪಡಬಾರದು, ಗೊತ್ತು. ಆದರೆ ಖಾಲಿ ಹೊಟ್ಟೆಯಲ್ಲಿ ಅದೇ ಮೊದಲು ಹತ್ತಿಕೊಳ್ಳುತ್ತದೆ, ಏನು ಮಾಡಲಿ?

ಅವ್ವನ ಘೇವಡಾ ಕಾಳನ್ನು, ಇಲ್ಲಿಯವರು ರಾಜ್ಮಾ ಅನ್ನುತ್ತಾರಲ್ಲ ಅದನ್ನು, ನೀನು ಎರಡು ಪಾಲು ಮಾಡಿದ್ದು ನೆನಪಿದೆಯಾ? ಊರಲ್ಲಿ ಹೊಲ ಮಾರಿದ ಮೇಲೆ ಆ ಬೀಜ ಉಳಿದದ್ದು ನಿನ್ನ ಗಂಟಿನಲ್ಲಿ ಮಾತ್ರ. ಒಂದು ಪಾಲು ನನಗೆ ಕೊಟ್ಟೆ. ಇನ್ನೊಂದು, ಈ ಅರಬರ ನಾಡಿನಲ್ಲಿ ನಾವೆಲ್ಲ ಬಾಡಿಗೆಗಿರುವ ಇದೇ ವಿಲ್ಲಾದ ಪಕ್ಕದ ಕೋಣೆಯ ಲೀನಾಬಾಯಿಗೆ! ಮಂಗಳೂರಿನ ಆಕೆ ನಮ್ಮ ಅವ್ವನ ಮುಖ ಕಂಡವಳೇ?

ಚಳಿ ಶುರುವಾದಾಗ ಅಂಗಳದ ಗೋಡೆಗುಂಟ ಇಬ್ಬರೂ ಬಿತ್ತಿದೆವು. ನನ್ನ ಒಂದು ಬಳ್ಳಿಯ ಎಲೆಯ ಮೇಲೆ ಎಣ್ಣೆ ಸಿಡಿದಂಥ ಚುಕ್ಕೆ ಬಿತ್ತು. ಆಮೇಲೆ ಅದು ಕಂದು ಬಣ್ಣಕ್ಕೆ ತಿರುಗಿ, ಸುತ್ತ ಹಳದಿ ಅಂಚು ಕಟ್ಟಿ, ಸುಟ್ಟ ಹಾಗೆ ಒಣಗಿತು. ಸಾಲಿಡೀ ಹಬ್ಬಿತು, ಕಾಯಿಗೂ ಬಂತು. ಆಕೆಯ ಕಡೆ ಮಾತ್ರ ಹಸಿರೋ ಹಸಿರು. ಬೂದಿ ಚೆಲ್ಲಿದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ, ಯಾರ ದೃಷ್ಟಿ ತಾಗಿತೋ ಎಂದು ಆಕೆಗೆ ಕೇಳುವ ಹಾಗೆಯೇ ಅಂದೆ.

ನಿನ್ನೆ ಆಕೆ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ದೃಷ್ಟಿ ಅಲ್ಲ ಮಾರಾಯ್ರೆ, ಬ್ಯಾಕ್ಟೀರಿಯಾ. ನನ್ನದರಲ್ಲೂ ಒಂದಕ್ಕೆ ಬಂದಿತ್ತು, ಕಿತ್ತು ಬಿಸಾಡಿದೆ. ನೀವು ದಿನಾ ಮಂಜು ಆರುವ ಮೊದಲೇ ಒದ್ದೆ ಸೀರೆಯಲ್ಲಿ ಬಳ್ಳಿ ಬಳ್ಳಿ ಸವರಿಕೊಂಡು ಹೋಗ್ತೀರಲ್ಲ, ನೀವೇ ಹಂಚಿದ್ದು!"

"ನಾ ಮಡಿಯಾಗ ಇರ್ತೀನ್ರೀ," ಅಂದೆ.

"ಅದಕ್ಕೆ ಮಡಿ ಗೊತ್ತುಂಟಾ? ನೀರಿದ್ದರೆ ಸಾಕು, ಬಳ್ಳಿಯಿಂದ ಬಳ್ಳಿಗೆ ಹೋಗ್ತದೆ. ಅಕ್ಕ ನಿಮಗೆ ಹೇಳಲಿಲ್ವಾ?"

ಅಲ್ಲಿಗೆ ಖಲಾಸ್. ನೀನು ನನಗೆ ಏನು ಹೇಳಿದ್ದೆ ಅಕ್ಕಾ? ನಿನ್ನನ್ನು ಸೇರಿಸಿದ ಆಸ್ಪತ್ರೆಯಲ್ಲೇ ಆಕೆಗೆ ಕೆಲಸ. ಬೇಕೆಂದಾಗ ನಿನ್ನ ಮಂಚದ ಹತ್ತಿರ ಕೂರುತ್ತಿದ್ದಳು. ಒಡಹುಟ್ಟಿದ ನನ್ನನ್ನು, ನೋಡುವ ಹೊತ್ತು ಮುಗಿಯಿತು, ಯಲ್ಲಾ ಯಲ್ಲಾ, ನಡಿ ನಡಿ ಎಂದು ಎಬ್ಬಿಸುತ್ತಿದ್ದರು. ನೀನು ಆಕೆಗೆ ಬೀಜವನ್ನೂ ಕೊಟ್ಟೆ, ಬುದ್ಧಿಯನ್ನೂ ಕೊಟ್ಟೆ. ನನಗೆ ಬರೀ ಬೀಜ...

ಇಬ್ಬನಿ ಆರುವ ತನಕ ಅವ್ವ ನಮ್ಮನ್ನು ಘೇವಡಾ ಹೊಲಕ್ಕೆ ಬಿಡುತ್ತಿರಲಿಲ್ಲ. "ತೊಯ್ದ ಬಳ್ಳಿ ಮುಟ್ಟಬ್ಯಾಡ್ರೆ" ಎಂದು ಬದುವಿನ ಮೇಲೆಯೇ ನಿಲ್ಲಿಸುತ್ತಿದ್ದಳು. ಬಳ್ಳಿ ಮಿಂದು ಮಡಿಯಲ್ಲಿದೆ, ಮೈಲಿಗೆಯ ಕೈ ತಾಗಬಾರದು ಎಂದೇ ನಾನು ತಿಳಿದೆ. ಅದಕ್ಕೇ ಇಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಹೋಗುತ್ತಿದ್ದೆ. ಇಷ್ಟು ವರ್ಷ ಯಾರೂ ನನ್ನನ್ನು ತಿದ್ದಲಿಲ್ಲವಲ್ಲ?

ಲೀನಾಬಾಯಿ ನಿನ್ನ ದನಿಯನ್ನೇ ಮಾಡಿ ತೋರಿಸಿದಳು. "'ತಂಗಿಗೂ ಹೇಳಿ' ಅಂದೆ ನಾನು. 'ಆಕಿಗೇನ್ ಹೇಳೂದು, ಅವ್ವನ ಸೆರಗ ಹಿಡಕೊಂಡ ಬೆಳದಾಕಿ, ಎಲ್ಲಾ ಗೊತ್ತೈತಿ ಆಕಿಗೆ' ಅಂತ ಮುಖ ಆಚೆ ತಿರುಗಿಸಿದ್ರು ಅವರು."

ಮುಖ ತಿರುಗಿಸಿದೆಯಾ? ನನ್ನ ಮೇಲೆ ಹೊಟ್ಟೆಕಿಚ್ಚು ನಿನಗೂ ಇತ್ತೇ ಅಕ್ಕಾ?

ನನ್ನ ಸಾಲನ್ನು ಇವತ್ತು ಪೂರಾ ಕಿತ್ತೆ. ರೋಗ ಕಾಳಿನಲ್ಲೇ ಅಡಗಿ ಮುಂದಿನ ಬೆಳೆಗೂ ಬರುತ್ತದಂತೆ. ಒಂದು ಕಾಳೂ ಇಟ್ಟುಕೊಳ್ಳದೆ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆ. ಅವ್ವನ ಬೀಜ ಈಗ ಇರುವುದು ಲೀನಾಬಾಯಿಯ ಹತ್ತಿರ ಮಾತ್ರ. ಒಣಗಿದ ಮೇಲೆ ಅರ್ಧ ಕೊಡುತ್ತಾಳಂತೆ. ಸೆರಗು ಒಡ್ಡಿ ತೆಗೆದುಕೊಳ್ಳುತ್ತೇನೆ. ಮುಂದಿನ ಚಳಿಗೆ ಬಿಸಿಲೇರಿ ಎಲೆ ಆರಿದ ಮೇಲೆಯೇ ಬಳ್ಳಿ ಮುಟ್ಟುತ್ತೇನೆ, ದೇವರಾಣೆ.

ಆದರೆ ಕಿಚ್ಚು ಆರಿಲ್ಲ. ಕಣ್ಣು ಮುಚ್ಚಿದ ಮೇಲೂ ನೀನು ಆಕೆಯ ಕನಸಿನಲ್ಲಿ ಬರುತ್ತೀಯಂತೆ. ನನ್ನ ಕನಸಿಗೆ ಒಮ್ಮೆಯೂ ಬರಲಿಲ್ಲ. ಇರಲಿ. ಈಗಷ್ಟೇ ಆಕೆಯ ಬಾಗಿಲಿಗೆ ಹೋಗಿ ಹೇಳಿ ಬಂದೆ: "ಲೀನಾಬಾಯಿ, ಇನ್ನೊಮ್ಮೆ ನಮ್ಮಕ್ಕ ಬಂದ್ರ ಸುಮ್ಮನ ಕಳಸಬ್ಯಾಡ್ರಿ. ನನ್ನ ಕಾಗದಕ್ಕ ಏನಂತಾಳ ಕೇಳಿ, ತಂದ್ ಹೇಳ್ರಿ."