ಎಡಗಡೆ ಟೈರಿನ ಜ್ವರ

೭ ಫೆಬ್ರವರಿ ೧೯೮೮, ಭಾನುವಾರ

ಎಡಗಡೆ ಮುಂದಿನ ಟೈರಿನ ಹೊರ ಅಂಚು ಇವತ್ತೂ ಸವೆದಿದೆ. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಕಾರು ರೇಸು. ಅಷ್ಟರೊಳಗೆ ಹೊಸ ಟೈರು ಸಿಗುವುದಿಲ್ಲ. ತಪ್ಪು ನನ್ನ ಕೈಯದೇ ಎಂದು ಗೊತ್ತು, ಆದರೆ ಕೈಗೆ ಹೇಳುವುದು ಹೇಗೆ?

ಮಿಲ್ಲಿಗೆ ರಜೆಯೆಂದು ಮೋಟೆಬೆನ್ನೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಕಾಂಕ್ರೀಟ್ ಅಂಗಳದಲ್ಲಿ ತಿರುವುಗಳ ಗುರುತಿಗೆ ಖಾಲಿ ಡ್ರಮ್ಮುಗಳನ್ನಿಟ್ಟು ಬೆಳಗಿನಿಂದ ಸುತ್ತಿದೆ. ಪ್ರತಿ ತಿರುವಿನಲ್ಲೂ ನಮ್ಮ ಫಿಯೆಟ್ಟು ಕಿರುಚಿತು. ಬ್ಯಾಡಗಿ ಕಡೆಯಿಂದ ಬರುವ ಮೆಣಸಿನಕಾಯಿ ಘಾಟಿಗೆ ಸುಟ್ಟ ರಬ್ಬರಿನ ವಾಸನೆ ಬೆರೆಯಿತು. ಪ್ರತಿ ಸುತ್ತಿನ ಸಮಯ ನೋಡಲು ವಾಚು ಹಿಡಿದು ನಿಂತ ನಮ್ಮವರದು ಒಂದೇ ಮಾತು: "ಇನ್ನೂ ಜೋರು ಹೊಡಿ, ನಲಿನಿ."

ಬುತ್ತಿ ತಂದಿದ್ದ ಅತ್ತೆ ಬಗ್ಗಿ ಆ ಟೈರಿನ ಮೇಲೆ ಅಂಗೈ ಇಟ್ಟು ಥಟ್ಟನೆ ತೆಗೆದರು. "ಅಯ್ಯ, ಕೂಸಿಗೆ ಜ್ವರ ಬಂದ್ಹಂಗ ಸುಡ್ಲಿಕತ್ತದಲ್ಲ! ಒಂದೀಟು ಸಮಾಧಾನದಿಂದ ನಡಸಬಾರದೇನ?"

ಟೈರು ಆರಿದ ಮೇಲೆ ಕೊನೆಯ ಸುತ್ತು. ಹಿಂದಿನ ಸೀಟಿನಲ್ಲಿ ಮಗು ಮಲಗಿದೆ ಎಂಬಂತೆ ನಡೆಸಿದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಸ್ಟೇರಿಂಗನ್ನು ಮೆಲ್ಲಗೆ ತಿರುಗಿಸಿದೆ. ಕಿರುಚಾಟವೇ ಇಲ್ಲ. ಕಾರು ನೀರಿನ ಮೇಲೆ ತೇಲಿದಂತೆ, ಡ್ರಮ್ಮುಗಳು ತಾವಾಗಿಯೇ ಪಕ್ಕಕ್ಕೆ ಸರಿದಂತೆ ಅನಿಸಿತು. ಇಳಿದು ಮುಟ್ಟಿದರೆ ಟೈರು ಬರೀ ಬೆಚ್ಚಗಿತ್ತು.

ನಮ್ಮವರು ವಾಚನ್ನು ಅಲುಗಾಡಿಸಿ ಕಿವಿಗೆ ಹಿಡಿದರು. "ಏ, ಇದು ನಡುವ ನಿಂತಿತ್ತೇನ? ಮುಂಜಾನಿಂದ ಇಷ್ಟು ಲಗೂ ನೀ ಒಮ್ಮೆನೂ ಬಂದಿಲ್ಲ."

ವಾಚು ನಿಂತಿರಲಿಲ್ಲ, ಆ ಸುತ್ತೇ ಇಡೀ ದಿನದಲ್ಲಿ ಅತಿ ವೇಗದ್ದು. ಈಗಲೂ ಅವರ ದಿಂಬಿನ ಪಕ್ಕ ಟಿಕ್ ಟಿಕ್ ಅನ್ನುತ್ತಿದೆ. ನನ್ನ ಅಂಗೈಯಲ್ಲಿ ಇನ್ನೂ ಆ ಬಿಸುಪು. ಎಷ್ಟು ಹಗುರವಿತ್ತು ಆ ಸ್ಟೇರಿಂಗು, ಹಿಡಿದದ್ದೇ ತಿಳಿಯದಷ್ಟು, ಈಗ ನಿದ್ದೆಗಣ್ಣಿನಲ್ಲಿ ಈ ಪೆನ್ನು ಬೆರಳಿನಿಂದ ಜಾರುತ್ತಿರುವ ಹಾಗೆ