ಸ್ಕ್ರೂ ಸುತ್ತ ತುಂಬಿದ ಪುಡಿ

ಪುಣೆ, ಬುಧವಾರ, ೨೦೦೩

ಇಂದುಬಾಯಿ ಅಕ್ಕನಿಗೆ ತ್ರಿಶಲಾಳ ಜಯ ಜಿನೇಂದ್ರ.

ಬಸ್ಸಿನಲ್ಲಿ ಕುತ್ತಿಗೆ ಹಿಡಿದದ್ದು ಬಿಟ್ಟರೆ ಆರಾಮವಾಗಿದ್ದೇನೆ. ಐದು ವರ್ಷದ ಹಿಂದೆ ಇಲ್ಲಿ ನನ್ನ ಮೇಲಿನ ಮುಂದಿನ ಹಲ್ಲು ಕಿತ್ತು ಆಗಲೇ ಸ್ಕ್ರೂ ಕೂರಿಸಿ ಹೊಸ ಹಲ್ಲು ಹಾಕಿದ್ದರಲ್ಲ, ಅದು ಹೇಗಿದೆ ನೋಡಲು ಡಾಕ್ಟರು ತಾವಾಗಿಯೇ ಕರೆಸಿದ್ದರು. ಟಿವಿಯಂಥ ಪರದೆಯ ಮೇಲೆ ನನ್ನ ದವಡೆಯ ಎಕ್ಸ್‌ರೇ ತೋರಿಸಿದರು. ಸ್ಕ್ರೂ ಬೆಳ್ಳಗೆ, ಅಲುಗದೆ ನಿಂತಿದೆ.

"ಸ್ಕ್ರೂ ಸುತ್ತ ಜಾಗಾ ಉಳಿದಿತ್ತಲ್ರಿ, ಅಲ್ಲಿ ತುಂಬಿದ ಎಲುಬಿನ ಪುಡಿ ಚಲೋ ಹಿಡದೈತಿ ನೋಡ್ರಿ" ಎಂದರು.

ಅಂದು ಅದನ್ನು ಔಷಧದ ಪುಡಿ ಎಂದಿದ್ದರು. ಎಲುಬು ಎಂದದ್ದು ಇದೇ ಮೊದಲು.

"ಯಾತರ ಎಲುಬ್ರಿ ಅದು?"

"ಪರದೇಶದ ಕಂಪನೀದ್ರಿ. ಭಾಳ ಶುದ್ಧ ಇರ್ತೈತಿ."

"ದನದ್ದೇನ್ರಿ?"

ಅವರು ಗೋಕಾಕದವರು, ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಕೂಡ ಒಲೆ ಏರುವುದಿಲ್ಲ ಎಂದು ಬಲ್ಲವರು. ಆದರೂ ಪರದೆ ಆರಿಸಿ, "ಈಗ ಅದು ನಿಮ್ಮ ಎಲುಬೇ ಆಗೈತಿ ಬಿಡ್ರಿ" ಎಂದು ನಕ್ಕರು. ಮತ್ತೆ ಕೇಳುವಷ್ಟರಲ್ಲಿ ಇನ್ನೊಬ್ಬ ಪೇಷಂಟನ್ನು ಒಳಗೆ ಕರೆದರು. ಫೀ ಬೇಡವೆಂದದ್ದೇ ನನಗೆ ಇನ್ನಷ್ಟು ಸಂಶಯ.

ಸೋಮವಾರ ಸಂಕೇಶ್ವರದಲ್ಲಿ ಇಳಿಯುತ್ತೇನೆ. ಈ ಕಾರ್ಡನ್ನು ಅವ್ವನ ಮುಂದೆ ಓದಬೇಡ.

ನಾನು ಇಳಿದುಕೊಂಡ ಮನೆಯವರೂ ನಮ್ಮಂತೆ ಜೈನರೇ. ಊಟಕ್ಕೆ ಕರೆದಾಗ, ಬಾಯಿಗೆ ತುತ್ತು ಇಡಲು ಮನಸ್ಸಾಗದೆ, ಇವತ್ತು ನನಗೆ ಉಪವಾಸ ಎಂದುಬಿಟ್ಟೆ. ಯಾವ ತಿಥಿಯನ್ನು ತಾವು ಮರೆತೆವೋ ಎಂದು ಪಾಪ, ಅವರು ಇನ್ನೂ ಕ್ಯಾಲೆಂಡರ್ ನೋಡುತ್ತಿದ್ದಾರೆ.

ನಿನ್ನ
ತ್ರಿಶಲಾ